ಒಬ್ಬರ ಸಿನಿಮಾಕ್ಕೆ ಎರಡು ಟಿಕೆಟ್

ಸಿನಿಮಾ ಟಿಕೆಟ್ಟಿನ ದರ ಎಷ್ಟಿರಬೇಕು ಎಂಬ ವಾದ 2025ರಲ್ಲಿ ಕರ್ನಾಟಕದಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ, ತೆರಿಗೆ ಹೊರತುಪಡಿಸಿ 200 ರೂಪಾಯಿಯ ಗರಿಷ್ಠ ಮಿತಿ ಹಾಕಿ ಅಧಿಸೂಚನೆ ಹೊರಡಿಸಿತು. 23ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದಕ್ಕೆ ತಡೆ ಕೊಟ್ಟಿತು. ನಿರ್ಮಾಪಕರು, ಮಲ್ಟಿಪ್ಲೆಕ್ಸ್ ಮಾಲೀಕರು, ಸರ್ಕಾರ ತಮ್ಮ ತಮ್ಮ ಲೆಕ್ಕ ಮುಂದಿಟ್ಟರು. ಸಾಮಾನ್ಯ ಪ್ರೇಕ್ಷಕನ ಹೆಸರನ್ನು ಎಲ್ಲರೂ ಹೇಳಿದರು. ಆ ಸಾಮಾನ್ಯ ಪ್ರೇಕ್ಷಕ ಯಾರು? ಒಬ್ಬನೇ ಬಸ್ಸು ಹತ್ತಿ, ಒಬ್ಬನೇ ಮೆಟ್ಟಿಲೇರಿ, ಕತ್ತಲಲ್ಲಿ ತನ್ನ ಸೀಟನ್ನು ತಾನೇ ಹುಡುಕಿಕೊಂಡು ಕೂರಬಲ್ಲವನು. ಹಾಗೆ ಮಾಡಲಾಗದವರು ಒಂದು ಸಿನಿಮಾ ನೋಡಲು ಎಷ್ಟು ಟಿಕೆಟ್ ಕೊಳ್ಳಬೇಕು ಎಂಬ ಪ್ರಶ್ನೆ ಆ ಚರ್ಚೆಯುದ್ದಕ್ಕೂ ನನ್ನ ಕಿವಿಗೆ ಬೀಳಲಿಲ್ಲ.

ಉತ್ತರ ಕಷ್ಟದ್ದಲ್ಲ. ಎರಡು. ಸ್ನಾಯುಗಳ ಬಲ ಕುಂದುತ್ತಿರುವ ಹುಡುಗ, ದೃಷ್ಟಿ ಪೂರ್ತಿ ಹೋಗಿರುವ ಹೆಂಗಸು, ಇಪ್ಪತ್ತು ದಾಟಿದರೂ ಒಬ್ಬಳೇ ರಸ್ತೆ ದಾಟಲಾಗದ ಬೌದ್ಧಿಕ ಅಸಾಮರ್ಥ್ಯದ ಮಗಳು, ಇವರಲ್ಲಿ ಯಾರೇ ಥಿಯೇಟರಿಗೆ ಹೊರಟರೂ ಜೊತೆಗೆ ಇನ್ನೊಬ್ಬರು ಹೊರಡಲೇಬೇಕು. ಆ ಇನ್ನೊಬ್ಬರು ಮನರಂಜನೆಗೆ ಬಂದವರಲ್ಲ. ಎತ್ತಿ ಕೂರಿಸಲು, ಶೌಚಾಲಯಕ್ಕೆ ಕರೆದೊಯ್ಯಲು, ಕಿವಿಯಲ್ಲಿ ಕಥೆ ಹೇಳಲು ಬಂದವರು. 200 ರೂಪಾಯಿಯ ಮಿತಿ ಜಾರಿಯಲ್ಲಿದ್ದರೂ ಶೇಕಡಾ 18ರ ಜಿಎಸ್‌ಟಿ ಸೇರಿ ಒಂದು ಟಿಕೆಟ್ 236 ರೂಪಾಯಿ; ಇಬ್ಬರಿಗೆ 472; ಅಪ್ಪ, ಅಮ್ಮ, ಇಬ್ಬರು ಮಕ್ಕಳ ಸಂಸಾರಕ್ಕೆ 944. ಆಟೋದ ಖರ್ಚು, ಇಂಟರ್ವಲ್ಲಿನ ಖರ್ಚು ಬೇರೆ. ಶೇಕಡಾ 40ಕ್ಕಿಂತ ಹೆಚ್ಚು, 75ಕ್ಕಿಂತ ಕಡಿಮೆ ಅಂಗವೈಕಲ್ಯ ಇರುವವರಿಗೆ ನಮ್ಮ ರಾಜ್ಯ ಕೊಡುವ ಮಾಸಾಶನ 800 ರೂಪಾಯಿ. ಸಂಸಾರ ಒಮ್ಮೆ ಸಿನಿಮಾಕ್ಕೆ ಹೋಗಿ ಬಂದರೆ ತಿಂಗಳ ಪಿಂಚಣಿ ಸಾಲದು. ಜೊತೆಗಾರರ ಟಿಕೆಟ್ ಅಂಗವೈಕಲ್ಯದ ಮೇಲೆ ಬಿದ್ದ ಹೆಚ್ಚುವರಿ ತೆರಿಗೆ. ಅದನ್ನು ಯಾವ ಕಾನೂನೂ ಹಾಕಿಲ್ಲ, ಆದರೂ ಎಲ್ಲರೂ ಕಟ್ಟುತ್ತಿದ್ದಾರೆ.

ಬ್ರಿಟನ್ ಈ ಒಂದು ಸಂಗತಿಯನ್ನು ಬಹಳ ಹಿಂದೆಯೇ ಸರಿಯಾಗಿ ಗುರುತಿಸಿತು. ಅಲ್ಲಿನ ಚಿತ್ರಮಂದಿರಗಳ ಸಂಘ 2004ರಲ್ಲಿ 'ಸಿಇಎ ಕಾರ್ಡ್' ಎಂಬ ವ್ಯವಸ್ಥೆ ತಂದಿತು. ಅಂಗವಿಕಲ ಪ್ರೇಕ್ಷಕರು ಸಣ್ಣ ಶುಲ್ಕ ಕೊಟ್ಟು ವರ್ಷಕ್ಕೊಮ್ಮೆ ಫೋಟೊ ಇರುವ ಈ ಕಾರ್ಡ್ ಮಾಡಿಸಿಕೊಂಡರಾಯಿತು. ತಾವು ಒಂದು ಟಿಕೆಟ್ ಕೊಂಡಾಗ ಜೊತೆಗಾರರಿಗೆ ಇನ್ನೊಂದು ಟಿಕೆಟ್ ಉಚಿತ. ಕಾರ್ಡಿನವರು ಬಾರದಿದ್ದರೆ ಉಚಿತವೂ ಇಲ್ಲ. ದೊಡ್ಡ ಸಿನಿಮಾ ಸರಪಳಿಗಳು ಮಾತ್ರವಲ್ಲ, ಸಣ್ಣ ಊರುಗಳ ಸ್ವತಂತ್ರ ಚಿತ್ರಮಂದಿರಗಳೂ ಇದರಲ್ಲಿ ಸೇರಿವೆ. ಈ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ನಿಲುವು. ಅಂಗವಿಕಲರಿಗೆ ರಿಯಾಯಿತಿ ಕೊಡುತ್ತೇವೆ ಎಂದು ಅದು ಹೇಳುವುದಿಲ್ಲ. ಅಂಗವಿಕಲ ಪ್ರೇಕ್ಷಕರು ಎಲ್ಲರಂತೆ ಪೂರ್ತಿ ಹಣ ಕೊಡುತ್ತಾರೆ. ಒಬ್ಬರು ಸಿನಿಮಾ ನೋಡಲು ಒಬ್ಬರ ದುಡ್ಡು ಸಾಕು ಎಂಬುದಷ್ಟೇ ಅದರ ಒಪ್ಪಂದ. ಕರುಣೆಯ ಸೋಂಕಿಲ್ಲದ ಇಂಥ ಲೆಕ್ಕಾಚಾರ ಅಪರೂಪ.

ಹಾಗೆಂದು ಅದು ದೋಷವಿಲ್ಲದ್ದಲ್ಲ. ಕಾರ್ಡ್ ಪಡೆಯಲು ಅಂಗವೈಕಲ್ಯ ಭತ್ಯೆಯ ದಾಖಲೆ ತೋರಿಸಬೇಕು; ಭತ್ಯೆಯ ಮರುಪರಿಶೀಲನೆಯಲ್ಲಿ ಸಿಕ್ಕಿಬಿದ್ದವರಿಗೆ ಸಿನಿಮಾದ ಬಾಗಿಲೂ ಇಕ್ಕಟ್ಟಾಗುತ್ತದೆ. ಎಂಟು ವರ್ಷ ತುಂಬದ ಮಕ್ಕಳಿಗೆ ಕಾರ್ಡ್ ಇಲ್ಲ. ಚಿಕ್ಕ ಮಕ್ಕಳ ಜೊತೆ ಹೇಗೂ ದೊಡ್ಡವರು ಬರುತ್ತಾರಲ್ಲ ಎಂಬ ತರ್ಕ ಇದರ ಹಿಂದಿದೆ. ಆದರೆ ಆರು ವರ್ಷದ ಸೆರೆಬ್ರಲ್ ಪಾಲ್ಸಿ ಮಗುವಿನ ಜೊತೆ ಬರುವ ತಾಯಿಯ ಕೆಲಸ, ಉಳಿದ ಆರು ವರ್ಷದ ಮಕ್ಕಳ ತಾಯಿಯ ಕೆಲಸದಂಥದಲ್ಲ.

ಜೊತೆಗಾರರ ತತ್ವ ನಮಗೆ ಹೊರಗಿನದೇನೂ ಅಲ್ಲ. ಭಾರತೀಯ ರೈಲ್ವೆ ಅದನ್ನು ದಶಕಗಳಿಂದ ಪಾಲಿಸುತ್ತಿದೆ. ಒಬ್ಬರೇ ಪ್ರಯಾಣಿಸಲಾಗದ ಅಂಗವಿಕಲರಿಗೆ ಸ್ಲೀಪರ್ ದರ್ಜೆಯಲ್ಲಿ ಶೇಕಡಾ 75ರ ರಿಯಾಯಿತಿ ಇದೆ. ಅದೇ ರಿಯಾಯಿತಿ ಜೊತೆಗೆ ಹೋಗುವ ಒಬ್ಬರಿಗೂ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಜೊತೆಗಾರರು ಬೇಕೆಂದು ಒಪ್ಪುವ ನಾವು, ರೈಲಿಳಿದು ಎರಡು ಕಿಲೋಮೀಟರ್ ದೂರದ ಥಿಯೇಟರಿಗೆ ಹೋದಾಗ ಅದೇ ಜೊತೆಗಾರರನ್ನು ಮಾಮೂಲಿ ಗಿರಾಕಿ ಎಂದು ಎಣಿಸುತ್ತೇವೆ. ಪ್ರಯಾಣ ಅಗತ್ಯ, ಸಿನಿಮಾ ಶೋಕಿ ಎಂಬ ಭಾವನೆ ಇದರೊಳಗಿದೆ. ಆಸ್ಪತ್ರೆಗೆ, ಶಾಲೆಗೆ, ಸರ್ಕಾರಿ ಕಚೇರಿಗೆ ಹೋಗುವ ಅಂಗವಿಕಲರನ್ನು ಸಮಾಜ ಅರ್ಥ ಮಾಡಿಕೊಳ್ಳುತ್ತದೆ. ಶುಕ್ರವಾರ ಮೊದಲ ಶೋಗೆ ಹೋಗಿ ಶಿಳ್ಳೆ ಹೊಡೆಯಬೇಕೆನ್ನುವವರನ್ನು ಅರ್ಥ ಮಾಡಿಕೊಳ್ಳುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಗೆ ಮಾತ್ರ ಇದು ಅರ್ಥವಾಗಿದೆ. ಅದರ 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಯಲ್ಲಿ ಸಮಾನ ಪಾಲನ್ನು ಹಕ್ಕು ಎನ್ನುತ್ತದೆ. 42ನೇ ಕಲಂ ದೃಶ್ಯ–ಶ್ರವ್ಯ ಮಾಧ್ಯಮ ಎಲ್ಲರಿಗೂ ದಕ್ಕುವ ರೂಪದಲ್ಲಿರಬೇಕು ಎನ್ನುತ್ತದೆ.

ಆ 42ನೇ ಕಲಮಿನ ಬಲದ ಮೇಲೆ ನಡೆದ ಒಂದು ಹೋರಾಟಕ್ಕೆ ಫಲವೂ ಸಿಕ್ಕಿದೆ. 2023ರ ಜನವರಿಯಲ್ಲಿ 'ಪಠಾಣ್' ತೆರೆಗೆ ಬರುವ ಕೆಲವೇ ದಿನ ಮೊದಲು, ದೃಷ್ಟಿ ಮತ್ತು ಶ್ರವಣದ ತೊಂದರೆ ಇರುವವರು ದೆಹಲಿ ಹೈಕೋರ್ಟಿಗೆ ಹೋದರು. ಚಿತ್ರಮಂದಿರದ ಬಿಡುಗಡೆಗೆ ಆಗ ಸಮಯ ಮೀರಿತ್ತು. ಒಟಿಟಿಗೆ ಬರುವಾಗ ಧ್ವನಿ ವಿವರಣೆ, ಸಬ್‌ಟೈಟಲ್, ಕ್ಯಾಪ್ಶನ್ ಇರಲೇಬೇಕೆಂದು ಕೋರ್ಟು ಆದೇಶಿಸಿತು. ಅದರ ಮುಂದುವರಿಕೆಯಾಗಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್ 15ರಂದು ಚಿತ್ರಮಂದಿರಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಸೆನ್ಸಾರ್ ಆಗುವ ಚಿತ್ರಗಳಿಗೆ ಆರು ತಿಂಗಳ ಗಡುವು, ಉಳಿದ ಕಥಾಚಿತ್ರಗಳಿಗೆ ಎರಡು ವರ್ಷ. 2025ರ ಜನವರಿ 1ರಿಂದ ರಾಷ್ಟ್ರಪ್ರಶಸ್ತಿಗೆ, ಗೋವಾದ ಚಿತ್ರೋತ್ಸವಕ್ಕೆ ಹೋಗುವ ಚಿತ್ರಗಳಿಗೂ ಇದು ಕಡ್ಡಾಯ. ಐದು ಭಾಷೆಗಳಲ್ಲಿ ಬಿಡುಗಡೆಯಾಗುವ ದೊಡ್ಡ ಕನ್ನಡ ಚಿತ್ರಗಳು ಮೊದಲ ಗುಂಪಿಗೇ ಸೇರುತ್ತವೆ.

ಇದು ದೊಡ್ಡ ಹೆಜ್ಜೆ ಎನ್ನಲು ನನಗೆ ಹಿಂಜರಿಕೆಯಿಲ್ಲ. ಧ್ವನಿ ವಿವರಣೆ ಏನು ಮಾಡಬಲ್ಲದು ಎಂಬುದಕ್ಕೆ 'ಕಾಂತಾರ'ದ (2022) ಕೊನೆಯ ಭಾಗವನ್ನೇ ನೋಡಬಹುದು. ಅಲ್ಲಿ ಮಾತಿಲ್ಲ. ಕೂಗು, ಗೆಜ್ಜೆ, ವಾದ್ಯ ಇವೆ. ದೈವ ಮೈದುಂಬಿದ ನಾಯಕ ಶಿವ ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಹತ್ತಿರ ತಂದು ತನ್ನ ಎದೆಗೆ ಒತ್ತಿಕೊಳ್ಳುತ್ತಾನೆ. ಇಡೀ ಚಿತ್ರದ ನ್ಯಾಯ ಆ ಸನ್ನೆಯಲ್ಲಿದೆ. ಕಣ್ಣಿಲ್ಲದ ಪ್ರೇಕ್ಷಕರಿಗೆ ಕೇಳುವುದು ಕೂಗು ಮಾತ್ರ. ಸುತ್ತಲಿನವರು ಯಾಕೆ ಉಸಿರು ಬಿಗಿಹಿಡಿದಿದ್ದಾರೆ ಎಂಬುದು ತಿಳಿಯುವುದಿಲ್ಲ. ಕೂಗುಗಳ ನಡುವಿನ ಬಿಡುವಿನಲ್ಲಿ ಒಂದು ಶಾಂತ ದನಿ ಆ ಕೈಗಳ ಬಗ್ಗೆ ಒಂದೇ ವಾಕ್ಯ ಹೇಳಿದರೂ ಅವರು ಉಳಿದವರ ಜೊತೆಗೇ ಆ ಕ್ಷಣಕ್ಕೆ ತಲುಪುತ್ತಾರೆ.

ಆದರೆ ಆ ಒಂದು ವಾಕ್ಯ ಬರೆಯುವುದು ಕಲೆ. ನಮ್ಮ ಚಿತ್ರರಂಗ ಅದನ್ನು ಇನ್ನೂ ಕಲೆ ಎಂದು ಕಂಡಿಲ್ಲ, ಸೆನ್ಸಾರಿಗೆ ಕೊಡಬೇಕಾದ ಇನ್ನೊಂದು ಫೈಲು ಎಂದು ಕಾಣುವ ಅಪಾಯವಿದೆ. ಒಳ್ಳೆಯ ವಿವರಣೆ ಕಂಡದ್ದನ್ನು ಹೇಳುತ್ತದೆ, ಅರ್ಥವನ್ನು ಕೇಳುವವರಿಗೆ ಬಿಡುತ್ತದೆ. 'ಅವಳಿಗೆ ತುಂಬ ದುಃಖವಾಯಿತು' ಎನ್ನುವುದು ಸೋಮಾರಿತನ. 'ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿದಳು' ಎಂದರೆ ಕೇಳುವವರು ತಾವೇ ದುಃಖ ಪಡುತ್ತಾರೆ. ನಮ್ಮ ಚಿತ್ರಗಳಲ್ಲಿ ಬಿಡುವೇ ಕಡಿಮೆ. ಮಾತು ನಿಂತ ಕಡೆಯೆಲ್ಲ ಹಿನ್ನೆಲೆ ಸಂಗೀತ ಮೇಲೇಳುತ್ತದೆ. ಎರಡು ಸೆಕೆಂಡಿನ ಜಾಗದಲ್ಲಿ ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವವರು ಕಥೆ ಗೊತ್ತಿರುವ ಬರಹಗಾರರಾಗಿರಬೇಕು, ಜೊತೆಗೆ ಕಣ್ಣಿಲ್ಲದ ಒಬ್ಬ ಕೇಳುಗರು ಕೂತು ಒಪ್ಪಬೇಕು. ಹಾಡಿನ ಮೇಲೆ ಮಾತಾಡಬೇಕೆ, ಬೇಡವೆ? ಧಾರವಾಡದ ಕಥೆಗೆ ಬೆಂಗಳೂರಿನ ವಾರ್ತಾವಾಚಕರ ಕನ್ನಡ ಹೊಂದುತ್ತದೆಯೆ? ಇವನ್ನೆಲ್ಲ ನಿರ್ದೇಶಕರೇ ಕೂತು ಯೋಚಿಸಬೇಕು. ಮಾರ್ಗಸೂಚಿ ವಿವರಣೆ ಇರಬೇಕೆಂದು ಹೇಳಬಲ್ಲದು. ಅದು ಚೆನ್ನಾಗಿರುವಂತೆ ಮಾಡಲು ಅದಕ್ಕೆ ಆಗದು. ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ಬರೆಯುವವರು ಛಾಯಾಗ್ರಹಣ, ಸಂಕಲನಗಳ ಜೊತೆ ಧ್ವನಿ ವಿವರಣೆಯ ಬಗ್ಗೆಯೂ ಒಂದು ಪ್ಯಾರಾ ಬರೆಯಲು ಶುರು ಮಾಡಬೇಕು.

ಕಿವಿ ಕೇಳದವರ ಸಂಗತಿ ಇನ್ನೂ ಹಳೆಯದು. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' 1964ರಲ್ಲಿ ಬಂತು. ರಾಜ್‌ಕುಮಾರ್ ಅವರ ಎದುರು ಹರಿಣಿ ಕಿವಿ ಕೇಳದ, ಮಾತು ಬಾರದ ಹೆಂಡತಿಯ ಪಾತ್ರ ಮಾಡಿದರು. ಕನ್ನಡ ಸಿನಿಮಾ ಹೆಮ್ಮೆಯಿಂದ ನೆನೆಯುವ ಚಿತ್ರ ಅದು. ಆ ಪಾತ್ರದಂಥವರೇ ಥಿಯೇಟರಿನಲ್ಲಿ ಕೂತಿದ್ದರೆ ಅವರಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅರವತ್ತು ವರ್ಷ ಕಳೆದರೂ ಕನ್ನಡ ಚಿತ್ರಕ್ಕೆ ಕನ್ನಡದ್ದೇ ಅಕ್ಷರಗಳು ತೆರೆಯ ಮೇಲೆ ಬರುವುದು ಅಪರೂಪ. ಬಂದರೆ ಇಂಗ್ಲಿಷಿನವು, ಬೇರೆ ಭಾಷೆಯವರಿಗಾಗಿ. ಮಾರ್ಗಸೂಚಿ ಎಲ್ಲರಿಗೂ ಕಾಣುವ ಕ್ಯಾಪ್ಶನ್‌ಗೂ ಅವಕಾಶ ಕೊಡುತ್ತದೆ, ಬೇಕಾದವರಿಗಷ್ಟೇ ಕಾಣುವ ಕ್ಯಾಪ್ಶನ್‌ಗೂ ಕೊಡುತ್ತದೆ. ಮೊಬೈಲ್ ಆ್ಯಪ್ ಸಾಕೆಂದರೆ ಚಿತ್ರಮಂದಿರದವರಿಗೆ ಖರ್ಚಿಲ್ಲ, ಆದ್ದರಿಂದ ದಾರಿ ಅತ್ತಲೇ ತಿರುಗುತ್ತದೆ. ಧ್ವನಿಗೆ ಆ್ಯಪ್ ಚೆನ್ನಾಗಿ ಒದಗಬಹುದು. ಅಕ್ಷರಕ್ಕೆ ಅದು ಸೋತ ಉಪಾಯ: ಕೈಯಲ್ಲಿ ಹಿಡಿದ ಫೋನನ್ನೂ ನಲವತ್ತು ಅಡಿ ಆಚೆಯ ತೆರೆಯನ್ನೂ ಕಣ್ಣು ಎರಡೂವರೆ ಗಂಟೆ ಬದಲಿಸಿ ಬದಲಿಸಿ ನೋಡಬೇಕು, ಹಿಂದಿನ ಸಾಲಿನವರು ಬೆಳಕು ಆರಿಸಿ ಎಂದು ಗದರುವುದನ್ನೂ ಸಹಿಸಬೇಕು. ಅದೂ ಸ್ಮಾರ್ಟ್‌ಫೋನ್ ಇದ್ದವರಿಗೆ ಮಾತ್ರ. ಅಮೆರಿಕದಲ್ಲಿ 2016ರ ನಿಯಮದ ಪ್ರಕಾರ ಡಿಜಿಟಲ್ ಚಿತ್ರಮಂದಿರಗಳೇ ಕ್ಯಾಪ್ಶನ್ ಮತ್ತು ಧ್ವನಿ ವಿವರಣೆಯ ಸಾಧನಗಳನ್ನು ಇಟ್ಟುಕೊಂಡಿರಬೇಕು. 2018ರ ಜೂನ್ ಅದರ ಗಡುವಾಗಿತ್ತು. ನಾವು ಆ ಹೊಣೆಯನ್ನು ಪ್ರೇಕ್ಷಕರ ಜೇಬಿಗೆ ಜಾರಿಸಿದ್ದೇವೆ.

ವಾರದಲ್ಲಿ ಕೆಲವು ಶೋಗಳಿಗಾದರೂ ತೆರೆಯ ಮೇಲೆಯೇ ಕನ್ನಡ ಅಕ್ಷರ ಹಾಕಬೇಕು ಎಂದು ನಾನು ವಾದಿಸುತ್ತೇನೆ. ಇದರ ಲಾಭ ಕಿವಿ ಕೇಳದವರಿಗಷ್ಟೇ ಅಲ್ಲ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ 1996ರಿಂದ ಮಾಡಿದ ಕೆಲಸ ನಮ್ಮ ಮುಂದಿದೆ. ಟಿವಿಯ ಚಿತ್ರಗೀತೆಗಳಿಗೆ ಅದೇ ಭಾಷೆಯ ಅಕ್ಷರ ಹಾಕಿದರೆ ಅರೆಬರೆ ಓದು ಬಲ್ಲವರ ಓದು ಸುಧಾರಿಸುತ್ತದೆ ಎಂದು ಅವರು ತೋರಿಸಿದರು. ಬೆಂಗಳೂರಿನಲ್ಲಿ ಕನ್ನಡ ಕಲಿಯುತ್ತಿರುವವರಿಗೆ, ವಯಸ್ಸಾಗಿ ಕಿವಿ ಮಂದವಾದ ನಮ್ಮ ಅಜ್ಜಂದಿರಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಬೇರೆ ಬೇಕಿಲ್ಲ.

ಮಾರ್ಗಸೂಚಿಯ ದೊಡ್ಡ ಕೊರತೆ ಇದಕ್ಕಿಂತ ಬೇರೆ. ಅದು ಕಣ್ಣು, ಕಿವಿಗಳಿಗೆ ನಿಂತುಬಿಡುತ್ತದೆ. ಕಾಯ್ದೆ ಗುರುತಿಸುವ ಅಂಗವೈಕಲ್ಯಗಳು 21. ವೀಲ್‌ಚೇರಿನವರಿಗೆ ಚಿತ್ರ ಕಾಣುತ್ತದೆ, ಕೇಳುತ್ತದೆ. ಒಳಗೆ ಹೋಗಲು ಆಗುವುದಿಲ್ಲ. ಹಳೆಯ ಟೂರಿಂಗ್ ಟಾಕೀಸಿನಲ್ಲಿ ನೆಲ ಸಮತಟ್ಟಾಗಿತ್ತು, ಮರಳಿನ ಮೇಲೆ ಚಾಪೆ ಹಾಸಿ ಯಾರನ್ನು ಎಲ್ಲಿ ಬೇಕಾದರೂ ಕೂರಿಸಬಹುದಿತ್ತು. ಆಮೇಲೆ ಬಂದ ಕಟ್ಟಡಗಳು ಒಳ್ಳೆಯ ಸೀಟನ್ನೆಲ್ಲ ಮೆಟ್ಟಿಲ ಮೇಲಿಟ್ಟವು. ಮೊದಲು ಬಾಲ್ಕನಿ, ಈಗ ಮಲ್ಟಿಪ್ಲೆಕ್ಸಿನ ಕಡಿದಾದ ಸಾಲುಗಳು. ಲಿಫ್ಟ್ ಇದೆ, ಸರಿ. ಅದು ಪ್ರೇಕ್ಷಕರನ್ನು ತಂದು ಬಿಡುವುದು ಹಾಲಿನ ಬಾಗಿಲಿಗೆ. ಅಲ್ಲಿಂದ ಮುಂದೆ ವೀಲ್‌ಚೇರಿಗೆ ಜಾಗ ಎಂದರೆ ಬಹುತೇಕ ಕಡೆ ತೆರೆಯ ಬುಡ. ನನ್ನ ಚಿಕ್ಕಮ್ಮನ ಮಗನ ಜೊತೆ ಹೋದಾಗ ಒಂದು ಮಲ್ಟಿಪ್ಲೆಕ್ಸಿನಲ್ಲಿ ಸಿಕ್ಕಿದ್ದು ಅದೇ. ಕತ್ತು ಹಿಂದಕ್ಕೆ ಬಗ್ಗಿಸಿ ಇಡೀ ಚಿತ್ರ ನೋಡಿದ. ನನ್ನ ಸೀಟು ಅವನಿಗಿಂತ ಎರಡು ಸಾಲು ಹಿಂದೆ ಇತ್ತು, ಏಕೆಂದರೆ ಅವನ ಪಕ್ಕದಲ್ಲಿ ಕುರ್ಚಿಯೇ ಇರಲಿಲ್ಲ. ಬೆಲೆ ಮಾತ್ರ ಇಬ್ಬರಿಗೂ ಪೂರ್ತಿ. ಅಮೆರಿಕದ ಕಟ್ಟಡ ಮಾನದಂಡಗಳು ಪ್ರತಿ ವೀಲ್‌ಚೇರ್ ಜಾಗದ ಪಕ್ಕದಲ್ಲಿ ಜೊತೆಗಾರರಿಗೆ ಒಂದು ಕುರ್ಚಿ ಇರಲೇಬೇಕೆನ್ನುತ್ತವೆ. ಇಬ್ಬರೂ ಒಟ್ಟಿಗೆ ಕೂತು ನಗಬೇಕು ಎಂಬುದು ಅಲ್ಲಿ ಅಳತೆಯ ಲೆಕ್ಕದಲ್ಲಿಯೇ ಇದೆ.

ಕಟ್ಟಡಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಕೊಟ್ಟ ತೀರ್ಪು ನೇರವಾಗಿದೆ. ಸುಗಮ್ಯತೆಯನ್ನು ಬರೀ ಶಿಫಾರಸಿನ ಮಾರ್ಗಸೂಚಿಗಳಿಗೆ ಬಿಟ್ಟರೆ ಕಾಯ್ದೆಯ ಉದ್ದೇಶವೇ ಸೋಲುತ್ತದೆ, ಕಡ್ಡಾಯ ನಿಯಮ ಬೇಕು ಎಂದು ಅದು ಹೇಳಿತು. ಮೂರು ತಿಂಗಳ ಗಡುವನ್ನೂ ಕೊಟ್ಟಿತು. ಆ ಅರ್ಜಿ ಹಾಕಿದ್ದು 2005ರಲ್ಲಿ. ತೀರ್ಪಿನ ಮಾತು ಚಿತ್ರಮಂದಿರಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಇನ್ನು ಆಟಿಸಂ ಇರುವ ಮಕ್ಕಳ ಮನೆಯವರು. ಇವರಿಗೆ ಮೆಟ್ಟಿಲಿನದಲ್ಲ, ಸದ್ದಿನ ತೊಂದರೆ. ಜಾಹೀರಾತುಗಳ ಅಬ್ಬರ, ತಟ್ಟನೆ ಕವಿಯುವ ಕತ್ತಲು, ಎದ್ದು ಓಡಾಡಿದರೆ ಸುತ್ತಲಿನವರ ಸಿಡಿಮಿಡಿ. ಅಮೆರಿಕದ ಎಎಂಸಿ ಚಿತ್ರಮಂದಿರಗಳು ಅಲ್ಲಿನ ಆಟಿಸಂ ಸೊಸೈಟಿಯ ಜೊತೆ 2007ರಿಂದ ವಿಶೇಷ ಪ್ರದರ್ಶನ ನಡೆಸುತ್ತಿವೆ: ದೀಪ ಪೂರ್ತಿ ಆರಿಸುವುದಿಲ್ಲ, ಧ್ವನಿ ತಗ್ಗಿಸುತ್ತಾರೆ, ಮಕ್ಕಳು ಎದ್ದು ಕುಣಿದರೂ ಹಾಡಿದರೂ ಯಾರೂ ಬೇಡವೆನ್ನುವುದಿಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಆಪರೇಟರ್ ಒಂದು ಗುಬ್ಬಿ ತಿರುಗಿಸಿದರೆ ಸಾಕು. ಪ್ರತ್ಯೇಕ ಶೋ ಎಂದರೆ ಪ್ರತ್ಯೇಕ ಇಡುವುದೇ ಅಲ್ಲವೆ ಎಂಬ ಆಕ್ಷೇಪ ಇದೆ. ಬೆಳಗಿನ ಹತ್ತು ಗಂಟೆಗೆ ಹಳೆಯ ಕಾರ್ಟೂನ್ ಚಿತ್ರ ಹಾಕಿ ಕೈತೊಳೆದುಕೊಂಡರೆ ಆಕ್ಷೇಪ ಸರಿ. ಹೊಸ ಚಿತ್ರವನ್ನು, ಬಂದ ವಾರದಲ್ಲೇ, ಭಾನುವಾರದ ಮಧ್ಯಾಹ್ನ ಹಾಕಿದರೆ ನನಗೆ ತಕರಾರಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಣ್ಣ ಸಂಗತಿ, ಸಣ್ಣದೆಂದೇ ಯಾರೂ ಎತ್ತದ್ದು. ಹೊರಗಿನ ತಿಂಡಿ ತರಬಾರದೆಂದು ಹೇಳುವ ಅಧಿಕಾರ ಚಿತ್ರಮಂದಿರಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿತು. ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಎಳೆಯ ಮಕ್ಕಳಿಗೆ ಬೇಕಾದ ಆಹಾರವನ್ನು ಹೆತ್ತವರು ತರಬಹುದು ಎಂದೂ ಹೇಳಿತು. ಎಳೆಯ ಮಗುವಿಗೆ ಸರಿ. ನುಂಗುವ ತೊಂದರೆಯಿಂದ ಅಂಬಲಿಯಂಥದನ್ನೇ ತಿನ್ನಬೇಕಾದ ಹದಿನೆಂಟರ ಮಗನಿಗೆ? ಒಂದೇ ಬಗೆಯ ತಿಂಡಿಯನ್ನಲ್ಲದೆ ಬೇರೇನನ್ನೂ ಬಾಯಿಗಿಡದ ಮಗಳಿಗೆ? ಗೇಟಿನಲ್ಲಿ ಬ್ಯಾಗು ಬಿಚ್ಚಿಸುವ ಸಿಬ್ಬಂದಿಗೆ ತಾಯಿ ಎಲ್ಲರೆದುರು ಮಗನ ಕಾಯಿಲೆಯ ವಿವರ ಕೊಡಬೇಕಾಗುತ್ತದೆ. ಹಾಲಿನ ಒಳಗೂ ಅಷ್ಟೆ: 2016ರಲ್ಲಿ ಪಣಜಿಯ ಮಲ್ಟಿಪ್ಲೆಕ್ಸ್ ಒಂದರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲವೆಂದು ವೀಲ್‌ಚೇರ್ ಬಳಸುವ ವ್ಯಕ್ತಿಗೆ ಹಿಂದಿನ ಸಾಲಿನವರು ಹೊಡೆದದ್ದು ಸುದ್ದಿಯಾಗಿತ್ತು. ಅಂಗವಿಕಲರೂ ಥಿಯೇಟರಿನಲ್ಲಿ ಇರುತ್ತಾರೆ ಎಂಬ ಕಲ್ಪನೆಯೇ ಆ ಸಾಲಿನವರಿಗೆ ಇರಲಿಲ್ಲ. ಅವರು ಬರುವುದು ಹೆಚ್ಚಿದಷ್ಟೂ ಆ ಕಲ್ಪನೆ ಬೆಳೆಯುತ್ತದೆ. ಬರಬೇಕಾದರೆ ದರ ಕೈಗೆಟುಕಬೇಕು. ಅದಕ್ಕೇ ನಾನು ಎಲ್ಲಕ್ಕಿಂತ ಮೊದಲು ಜೊತೆಗಾರರ ಟಿಕೆಟ್ಟನ್ನು ಹಿಡಿದು ಕೂತಿರುವುದು. ರ‍್ಯಾಂಪ್ ಕಟ್ಟಲು ತಿಂಗಳುಗಳು ಬೇಕು, ಧ್ವನಿ ವಿವರಣೆಗೆ ಬರಹಗಾರರು ಬೇಕು. ಜೊತೆಗಾರರ ಟಿಕೆಟ್ಟಿಗೆ ಬೇಕಾದದ್ದು ನಿಯಮದಲ್ಲಿ ಒಂದು ವಾಕ್ಯ.

ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಅಧಿಕಾರ ರಾಜ್ಯಗಳದ್ದು. ದರ ಮಿತಿಗಾಗಿ ತಿದ್ದಿದ 2014ರ ಕರ್ನಾಟಕ ಸಿನಿಮಾ ನಿಯಂತ್ರಣ ನಿಯಮಗಳಲ್ಲಿಯೇ ಆ ವಾಕ್ಯಕ್ಕೆ ಜಾಗವಿದೆ. ಗುರುತಿಗೆ ಹೊಸ ಕಾರ್ಡ್ ಬೇಡ. ಅಂಗವಿಕಲರಿಗೆ ಸರ್ಕಾರ ಕೊಡುವ, ಫೋಟೊ ಇರುವ ಯುಡಿಐಡಿ ಗುರುತಿನ ಕಾರ್ಡ್ ದೇಶದೆಲ್ಲೆಡೆ ನಡೆಯುತ್ತದೆ. ಮಾಲೀಕರಿಗೆ ನಷ್ಟವಲ್ಲವೆ ಎಂದರೆ, ವಾರದ ನಡುವಿನ ಶೋಗಳಲ್ಲಿ ಖಾಲಿ ಸೀಟುಗಳು ಹೇಗೂ ತೆರೆ ನೋಡುತ್ತಿವೆ. ಜೊತೆಗಾರರನ್ನು ಉಚಿತವಾಗಿ ಬಿಟ್ಟರೆ, ಇಲ್ಲವಾದರೆ ಬರುತ್ತಲೇ ಇರದಿದ್ದ ಒಬ್ಬರು ಪೂರ್ತಿ ದುಡ್ಡು ಕೊಟ್ಟು ಬರುತ್ತಾರೆ. ಇನ್ನು ಸಣ್ಣ ನಿರ್ಮಾಪಕರ ಮೇಲೆ ಕ್ಯಾಪ್ಶನ್, ಧ್ವನಿ ವಿವರಣೆಯ ಖರ್ಚು ಬೀಳುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಕನ್ನಡ ಚಿತ್ರಗಳಿಗೆ ಸರ್ಕಾರ ಕೊಡುವ ಸಹಾಯಧನದಲ್ಲಿ ಇದಕ್ಕೆಂದೇ ಒಂದು ಪಾಲು ಸೇರಿಸಬೇಕು, ಅದನ್ನು ಬೇರೆಯದಕ್ಕೆ ಖರ್ಚು ಮಾಡದಂತೆ ಷರತ್ತೂ ಹಾಕಬೇಕು.

ಒಂದು ಸೋಲನ್ನು ಮಾತ್ರ ಬ್ರಿಟನ್ನಿನ ಕಾರ್ಡೂ ತಪ್ಪಿಸಿಲ್ಲ. ಅಂಗವಿಕಲ ಮಗು ಇರುವ ಎಷ್ಟೋ ಮನೆಗಳಲ್ಲಿ ಸಿನಿಮಾಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದಿಲ್ಲ. ಅಪ್ಪ ದೊಡ್ಡವಳನ್ನು ಕರೆದುಕೊಂಡು ಹೋಗುತ್ತಾನೆ, ಅಮ್ಮ ಚಿಕ್ಕವನ ಜೊತೆ ಮನೆಯಲ್ಲಿ ಉಳಿಯುತ್ತಾಳೆ. ಮುಂದಿನ ಸಲ ಅಮ್ಮನ ಸರದಿ ಬರಬೇಕು, ಸಾಮಾನ್ಯವಾಗಿ ಬರುವುದಿಲ್ಲ. ಒಂದು ಉಚಿತ ಟಿಕೆಟ್ ಈ ಮನೆಗೆ ಅರ್ಧ ದಾರಿ ಮಾತ್ರ. ವಾರದಲ್ಲಿ ಒಂದು ದಿನವಾದರೂ, ಯುಡಿಐಡಿ ತೋರಿಸಿದ ಮನೆಯ ನಾಲ್ವರಿಗೆ ಇಬ್ಬರ ದರ ಮತ್ತು ಅಕ್ಕಪಕ್ಕದ ನಾಲ್ಕು ಸೀಟು ಎಂದು ಆ ನಿಯಮದಲ್ಲಿಯೇ ಬರೆಯಬೇಕು.